ಕಾಷಾಯವೂ ಬಿಳಿಯ ಬಟ್ಟೆಯೂ: ಬ್ರಹ್ಮಗಿರಿಯ ಶಾಸನದ ಒಂದು ಮಾತು

ಚಿತ್ರದುರ್ಗದ ಸೀಮೆಗೆ ಸೇರಿದ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರೆಡೆಗಳಲ್ಲಿ 1892ರಲ್ಲಿ ಬಿ. ಎಲ್. ರೈಸರು ಕಂಡುಹಿಡಿದ ಅಶೋಕನ ಶಾಸನಗಳು ವಿದ್ವಾಂಸರಿಗೆ ಸುಪರಿಚಿತವಾಗಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಈ ಆಜ್ಞೆಯಲ್ಲಿ ಅರಸನು, ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೆ ಮೇಲಾಯಿತೆಂದೂ, ಮೊದಲೊಂದು ವರ್ಷ ಹೆಚ್ಚಿನ ಪ್ರಯತ್ನ ಮಾಡಲಿಲ್ಲವೆಂದೂ, ಸಂಘವನ್ನು ಸಾರಿ ವರ್ಷಕ್ಕೆ ಮೇಲಾದ ಈ ಅವಧಿಯಲ್ಲಿ ಚೆನ್ನಾಗಿ ಪ್ರಯತ್ನಿಸಿದೆನೆಂದೂ ಹೇಳಿಕೊಂಡಿದ್ದಾನೆ. ಸಂಘವನ್ನು ಸಾರಿದನೆಂದರೆ ಭಿಕ್ಷುವಾದನೆಂದೇ, ಅಥವಾ ಗೃಹಸ್ಥನಾಗಿಯೇ ಸಂಘದ ಸಾಮೀಪ್ಯವನ್ನು ಪಡೆದನೆಂದೇ? ಈ ವಿವಾದವು ಕಡೆಗೆ ನಿಲ್ಲುವುದು ಬಟ್ಟೆಯ ಬಣ್ಣದಲ್ಲಿ: ಅಶೋಕನು ಉಟ್ಟದ್ದು ಕಾಷಾಯವೋ ಬಿಳಿಯದೋ?

ಕಾಷಾಯವೆಂಬುದು ಮೂಲದಲ್ಲಿ ಒಂದು ನಿಶ್ಚಿತವಾದ ಬಣ್ಣದ ಹೆಸರಲ್ಲ. ಕಷಾಯವೆಂದರೆ ಒಗರು, ಒಗರಾದ ತೊಗಟೆ ಬೇರುಗಳನ್ನು ಕುದಿಸಿ ಇಳಿಸಿದ ರಸವೂ ಕಷಾಯವೇ. ನೆಗಡಿಗೆ ಮನೆಯಲ್ಲಿ ಕಾಸಿ ಕೊಡುವ ಕಷಾಯವೂ ಭಿಕ್ಷುವಿನ ಕಾಷಾಯವೂ ಒಂದೇ ಮಡಕೆಯಿಂದ ಬಂದ ಮಾತುಗಳು. ತೊಗಟೆಯಲ್ಲಿ ನಾಲಗೆಗೆ ಒಗರೆನಿಸುವ ಸತ್ತ್ವವೇ ಬಟ್ಟೆಗೆ ಕಂದು ಛಾಯೆಯನ್ನು ಹಿಡಿಸುವುದು. ತಂಗಡಿಯ ತೊಗಟೆಯಿಂದ ತೊಗಲನ್ನು ಹದಮಾಡುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿನಯಪಿಟಕದ ಮಹಾವಗ್ಗವು ಬೇರು, ಕಾಂಡ, ತೊಗಟೆ, ಎಲೆ, ಹೂ, ಹಣ್ಣು ಎಂಬ ಆರು ಬಗೆಯ ರಂಗುಗಳಿಗೆ ಅನುಮತಿಯನ್ನಿತ್ತು, ಅಚ್ಚ ನೀಲಿ, ಅಚ್ಚ ಹಳದಿ, ಅಚ್ಚ ಕೆಂಪು, ಅಚ್ಚ ಕಪ್ಪು ಮೊದಲಾದುವನ್ನು ನಿಷೇಧಿಸುತ್ತದೆ. ಆದುದರಿಂದಲೇ ದೇಶಭೇದದಿಂದ ಛಾಯಾಭೇದವುಂಟಾಯಿತು. ಸಿಂಹಳ ಮೊದಲಾದೆಡೆಗಳಲ್ಲಿ ಹಲಸಿನ ತಿರುಳಿನ ಹೊಂಬಣ್ಣವಿದ್ದರೆ, 1960ರ ದಶಕದಿಂದ ಬೈಲಕುಪ್ಪೆಯಲ್ಲಿ ನೆಲೆಸಿದ ಟಿಬೆಟ್ಟಿನ ಭಿಕ್ಷುಗಳದು ಕಡುಗೆಂಪು. ಹಳದಿಗೆ ಇಂಥ ಅರ್ಥ, ಕೆಂಪಿಗೆ ಇಂಥ ಅರ್ಥವೆಂದು ಪಟ್ಟಿಮಾಡುವ ವಾಡಿಕೆಗೆ ವಿನಯದಲ್ಲಿ ಆಧಾರವಿಲ್ಲ. ಅಲ್ಲಿ ಅರ್ಥವಿರುವುದು ಬಣ್ಣಗೆಡಿಸುವ ಕ್ರಿಯೆಯಲ್ಲಿ. ಹೊಸ ಚೀವರಕ್ಕೆ ನೀಲಿಯದೋ ಕೆಸರಿನದೋ ಕಪ್ಪುಗಂದಿನದೋ ಒಂದು ಗುರುತನ್ನಿಟ್ಟು ಕೆಡಿಸದೆ ತೊಡುವುದು ದೋಷ. ಇದಕ್ಕೆ ಪಾಲಿಯಲ್ಲಿ ದುಬ್ಬಣ್ಣಕರಣವೆಂದು ಹೆಸರು; ಕನ್ನಡದ ‘ಬಣ್ಣ’ ಆ ಪದದೊಳಗೆ ಹಾಗೆಯೇ ಕುಳಿತಿದೆ. ಬಟ್ಟೆಯನ್ನು ತುಂಡುಮಾಡಿ ಮಗಧದ ಗದ್ದೆಬದುಗಳಂತೆ ಹೊಲಿಯುವ ವಿನ್ಯಾಸವನ್ನು ಬುದ್ಧನ ಸೂಚನೆಯಂತೆ ಆನಂದನು ಕಲ್ಪಿಸಿದನೆಂಬ ಕಥೆಯಲ್ಲಿಯೂ, ಕತ್ತರಿಸಿದ ಬಟ್ಟೆಗೆ ಇತರರು ಆಸೆಪಡರೆಂಬ ವಿವೇಕವಿದೆ. ಕಾಸಾವವೆಂಬ ಮಾತಿಗೆ ಚಿತ್ತದ ಕಲ್ಮಷವನ್ನು ಸೂಚಿಸುವ ಕಸಾವ ಶಬ್ದವನ್ನು ಜೊತೆಗೂಡಿಸಿ ಧಮ್ಮಪದವು ಶ್ಲೇಷೆಯಾಡಿದೆ.

ಶಿಲ್ಪಿಗೆ ಈ ಬಣ್ಣವು ಕಲ್ಲಿನಲ್ಲಿ ದಕ್ಕುವುದಲ್ಲ. ಅಮರಾವತಿಯ ಪರಂಪರೆಯವರು ಬಲಹೆಗಲನ್ನು ಬರಿದುಮಾಡಿ, ಎಡಗಡೆಗೆ ಸಾಲುಸಾಲಾಗಿ ಮಡಿಕೆಗಳನ್ನು ಕೊರೆದು, ಅಂಚಿನಲ್ಲಿ ದಪ್ಪನಾದ ಸುರುಳಿಯನ್ನಿಟ್ಟು ಸಂಘಾಟಿಯನ್ನು ತೋರಿಸಿದರು. ಕ್ರಿ. ಶ. 968ರ ಕದ್ರಿಯ ಲೋಕೇಶ್ವರನಲ್ಲಾದರೋ ಕಿರೀಟವೂ ಆಭರಣಗಳೂ ಇವೆ. ಬೋಧಿಸತ್ತ್ವನು ಭಿಕ್ಷುವೇಷಕ್ಕೆ ಕಟ್ಟುಬಿದ್ದವನಲ್ಲವಷ್ಟೆ.

ಇನ್ನು ಬಿಳಿಯ ಬಟ್ಟೆ. ಅದು ಗೃಹಸ್ಥನ ಲಕ್ಷಣ. ಪಾಲಿಗ್ರಂಥಗಳು ಉಪಾಸಕನನ್ನು ಬಿಳಿಯುಟ್ಟವನೆಂದೇ ಕರೆಯುತ್ತವೆ. ಸಾರನಾಥ, ಸಾಂಚಿ, ಕೌಶಾಂಬಿಗಳ ಸ್ತಂಭಶಾಸನಗಳಲ್ಲಿ ಅಶೋಕನೇ, ಸಂಘವನ್ನು ಒಡೆಯುವ ಭಿಕ್ಷುವಿಗೂ ಭಿಕ್ಷುಣಿಗೂ ಬಿಳಿಯ ಬಟ್ಟೆಯನ್ನುಡಿಸಿ ವಿಹಾರದ ಹೊರಗೆ ಇರಿಸತಕ್ಕದ್ದೆಂದು ವಿಧಿಸುತ್ತಾನೆ. ಉಪಾಸಕನಿಗೆ ಗೌರವವಾದ ಬಿಳುಪು ಭಿಕ್ಷುವಿಗೆ ದಂಡನೆಯಾಯಿತು! ಈ ಗೆರೆಯನ್ನು ಇಷ್ಟು ನಿಷ್ಠುರವಾಗಿ ಎಳೆದ ಅರಸನು, ತಾನೇ ಅದನ್ನು ದಾಟಿದ್ದ ಪಕ್ಷದಲ್ಲಿ, ಬ್ರಹ್ಮಗಿರಿಯಲ್ಲಿ ಅಷ್ಟು ಸಂದಿಗ್ಧವಾಗಿ ನುಡಿಯುತ್ತಿದ್ದನೇ ಎಂಬುದು ವಿಚಾರಾರ್ಹವಾಗಿದೆ. ಶಾಸನದ ‘ಮಯಾ ಸಂಘೇ ಉಪಯೀತೇ’ ಎಂಬ ಕರ್ಮಣಿಪ್ರಯೋಗಕ್ಕೆ ‘ನನ್ನಿಂದ ಸಂಘವು ಸಾರಲ್ಪಟ್ಟಿತು’ ಎಂಬುದೇ ಸರಳವಾದ ಅರ್ಥ. ಪ್ರವ್ರಜ್ಯೆಯನ್ನು ಅದರಿಂದ ಹೊರಡಿಸುವುದು ಬಲಾತ್ಕಾರವೇ ಸರಿ.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಚೀನೀ ಯಾತ್ರಿಕ ಇತ್ಸಿಂಗನು ಚೀವರಧಾರಿಯಾದ ಅಶೋಕನ ಪ್ರತಿಮೆಯನ್ನು ಉಲ್ಲೇಖಿಸಿರುವುದನ್ನು ವಿರುದ್ಧ ಪಕ್ಷದವರು ಮುಂದಿಡುವುದುಂಟು. ಆದರೆ ಆತನ ಸಾಕ್ಷ್ಯವು ಅಶೋಕನಿಗೆ ಸುಮಾರು ಒಂಬೈನೂರು ವರ್ಷಗಳಷ್ಟು ಈಚಿನದು. ಅದಕ್ಕಿಂತ ಬಹು ಪ್ರಾಚೀನವಾದ ಒಂದು ಚಿತ್ರವು ಕನ್ನಡ ನಾಡಿನಲ್ಲಿಯೇ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ 1990ರ ದಶಕದ ಉತ್ಖನನದಲ್ಲಿ ದೊರೆತ ಸ್ತೂಪದ ಫಲಕವೊಂದರಲ್ಲಿ, ಬ್ರಾಹ್ಮೀ ಲಿಪಿಯಲ್ಲಿ ‘ರಾಯ ಅಸೋಕ’ ಎಂದು ಬರೆದಿರುವ ಪುರುಷನು ರಾಣಿಯೊಡನೆ, ಪರಿವಾರದ ಸ್ತ್ರೀಯರ ನಡುವೆ, ರಾಜೋಚಿತವಾದ ಉಡುಗೆತೊಡುಗೆಗಳಲ್ಲಿ ನಿಂತಿದ್ದಾನೆ. ಅವನ ಮೈಮೇಲೆ ಚೀವರವಿಲ್ಲ.