ಕಡಲ ತೀರದಿಂದ ಬೆಟ್ಟದ ಬುಡಕ್ಕೆ: ಮೋಟಾರಿಲ್ಲದ ಒಂದು ದಾರಿ

ನಮ್ಮ ವಾಚಕರಲ್ಲಿ ಬೈಸಿಕಲ್ಲನ್ನು ವಿನೋದಕ್ಕಾಗಿ ಏರಿದವರಿಗಿಂತ ಉದರಂಭರಣಕ್ಕಾಗಿ ತುಳಿದವರೇ ಹೆಚ್ಚು. ನಸುಕಿನಲ್ಲಿ ಹಾಲಿನ ಕ್ಯಾನುಗಳನ್ನು ತೂಗುಹಾಕಿಕೊಂಡು ಹೋಟೆಲಿಗೆ ಬರುವವರು, ಮಾರ್ಕೆಟಿನಿಂದ ತರಕಾರಿಯ ಮೂಟೆ ತರುವವರು, ನಾಲ್ಕು ಕಾಸು ಉಳಿಯಲೆಂದು ಕಚೇರಿಗೆ ಸೈಕಲ್ಲಿನಲ್ಲೇ ಹೋಗಿಬರುವ ಗುಮಾಸ್ತರು, ಇವರಿಗೆಲ್ಲ ಬಸ್ಸು ಲಾರಿಗಳ ನಡುವೆ ಜೀವವನ್ನು ಅಂಗೈಯಲ್ಲಿ ಹಿಡಿದು ಸಾಗುವುದೆಂದರೆ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ. ಮೋಟಾರಿನ ಸುಳಿವಿಲ್ಲದ ದಾರಿಯೊಂದು ಕಡಲ ತೀರದಲ್ಲಿ ಹೊರಟು ಪರ್ವತದ ಬುಡದವರೆಗೆ ಸಾಗುತ್ತದೆಂದರೆ ಅದು ಅವರಿಗೆ ಕನಸಿನ ಮಾತಾಗಿ ತೋರಬಹುದು. ಆದರೆ ಅಂಥ ದಾರಿ ಇದೆ. ಅದೂ ಮೋಟಾರು ಗಾಡಿಗಳ ನಾಡೆಂದು ಲೋಕಪ್ರಸಿದ್ಧವಾದ ಅಮೇರಿಕೆಯ ಲಾಸ್ ಏಂಜಲಿಸ್ ಪ್ರಾಂತದಲ್ಲಿ. ಅದು ಹೇಗೆ ಒದಗಿಬಂತೆಂಬುದನ್ನು ವಿಚಾರಿಸಿದರೆ ನಮ್ಮ ನಗರಗಳಿಗೂ ಅದರಲ್ಲೊಂದು ಪಾಠವುಂಟು.

ದಾರಿಯ ಹೆಸರು ಸ್ಯಾನ್ ಗೇಬ್ರಿಯಲ್ ನದಿಯ ಸೈಕಲ್ ಪಥ. ಶಾಂತ ಮಹಾಸಾಗರದ ದಡದಲ್ಲಿರುವ ಸೀಲ್ ಬೀಚ್ ಎಂಬ ಪಟ್ಟಣದಲ್ಲಿ ಅದರ ಆರಂಭ. ಸ್ಯಾನ್ ಗೇಬ್ರಿಯಲ್ ಪರ್ವತಗಳ ಅಡಿಯಲ್ಲಿರುವ ಅಝೂಸಾದಲ್ಲಿ ಅದರ ಅಂತ್ಯ. ನಡುವಿನ ಅಂತರ ಸುಮಾರು 60 ಕಿಲೋಮೀಟರು. ಈ ಪರ್ವತಗಳ ಅತ್ಯುಚ್ಚ ಶಿಖರ 3,000 ಮೀಟರಿಗೂ ಮಿಗಿಲಾಗಿದ್ದರೂ ದಾರಿ ಅವುಗಳ ಬುಡದಲ್ಲೇ ನಿಲ್ಲುವುದರಿಂದ, ಇಷ್ಟು ದೂರದಲ್ಲಿ ಏರಬೇಕಾದ ಎತ್ತರ ಸಾವಿರ ಅಡಿಗೂ ಕಡಿಮೆ. ನೂರು ಅಡಿ ಮುಂದೆ ಸಾಗಿದರೆ ಅರ್ಧ ಅಡಿಯಷ್ಟೂ ಏರು ಇಲ್ಲ. ಪಡುಗಡಲಿನ ದಡದಿಂದ ಘಟ್ಟದ ಅಡಿಯವರೆಗಿನ ದಿಣ್ಣೆ ಇಳಿಜಾರುಗಳಲ್ಲಿ ಸೈಕಲ್ ತಳ್ಳಿದ ನಮ್ಮ ಕರಾವಳಿಯ ಬಂಧುಗಳು ಇದರ ಸುಖವನ್ನು ಚೆನ್ನಾಗಿ ಊಹಿಸಬಲ್ಲರು.

ಈ ದಾರಿ ಸವಾರರಿಗಾಗಿ ಹುಟ್ಟಿದ್ದಲ್ಲ. ನೆರೆಯ ಭಯದಿಂದ ಹುಟ್ಟಿದ್ದು. ಸ್ಯಾನ್ ಗೇಬ್ರಿಯಲ್ ನದಿ ಬೇಸಗೆಯಲ್ಲಿ ಒಣಗಿ ಮಲಗುವ, ಮಳೆ ಬಂದರೆ ಹುಚ್ಚೆದ್ದು ಹರಿಯುವ ಸ್ವಭಾವದ್ದು. 1867-68ರ ಚಳಿಗಾಲದ ನೆರೆಯಲ್ಲಿ ಅದು ತನ್ನ ಹಳೆಯ ಪಾತ್ರವನ್ನೇ ಬಿಟ್ಟು, ಬಯಲನ್ನು ಸೀಳಿ ನೇರವಾಗಿ ದಕ್ಷಿಣಕ್ಕೆ ಹರಿದು ಹೊಸ ಕಡೆಯಲ್ಲಿ ಕಡಲನ್ನು ಸೇರಿತು. ಹಳೆಯ ಪಾತ್ರಕ್ಕೆ ಇಂದು ರಿಯೋ ಹೊಂಡೋ ಎಂಬ ಹೆಸರು. 1914ರ ನೆರೆಯ ತರುವಾಯ, 1915ರಲ್ಲಿ, ನೆರೆ ನಿಯಂತ್ರಣಕ್ಕೆಂದೇ ಆ ಜಿಲ್ಲೆಯಲ್ಲೊಂದು ಸಂಸ್ಥೆ ಸ್ಥಾಪಿತವಾಯಿತು. ಆದರೂ 1938ರ ಫೆಬ್ರವರಿ ಕೊನೆಯಲ್ಲಿ ತೊಡಗಿ ಮಾರ್ಚ್ ಮೊದಲಲ್ಲಿ ಮುಗಿದ ಐದು ದಿನಗಳ ಮಳೆ ಆ ಪ್ರಾಂತವನ್ನೆಲ್ಲ ಮುಳುಗಿಸಿತು. ಸುಮಾರು ನೂರು ಜನ ಪ್ರಾಣ ಕಳೆದುಕೊಂಡರು.

ಆ ಬಳಿಕ ಸರಕಾರ ನದಿಗಳನ್ನು ಕಟ್ಟಿಹಾಕಲು ಟೊಂಕ ಕಟ್ಟಿತು. ಸೇನೆಯ ಎಂಜಿನಿಯರುಗಳ ದಳ 1949ರಲ್ಲಿ ಸಾಂಟಾ ಫೆ ಅಣೆಕಟ್ಟನ್ನೂ 1957ರಲ್ಲಿ ವಿಟಿಯರ್ ನ್ಯಾರೋಸ್ ಅಣೆಕಟ್ಟನ್ನೂ ಪೂರ್ಣಗೊಳಿಸಿತು. ಕೆಳಗಿನ ಬಯಲಿನಲ್ಲಿ ನದಿಯ ಎರಡೂ ಬದಿಗೆ ಭದ್ರವಾದ ಏರಿಗಳೆದ್ದವು. ಬಹುದೂರ ತಳಕ್ಕೂ ಕಾಂಕ್ರೀಟು ಬಿತ್ತು. ಏರಿಯನ್ನು ಪರೀಕ್ಷಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ನೌಕರರು ಓಡಾಡಬೇಕಷ್ಟೆ? ಅದಕ್ಕಾಗಿ ಏರಿಯುದ್ದಕ್ಕೂ ದಾರಿ ಬಿಡಲಾಗಿತ್ತು. ಸಾರ್ವಜನಿಕರ ಮೋಟಾರಿಗೆ ಅಲ್ಲಿ ಪ್ರವೇಶವಿಲ್ಲ. ಮುಂದಿನ ದಶಕಗಳಲ್ಲಿ ಡಾಂಬರು ಹಾಕಿದ ಆ ಏರಿಯೇ ಸೈಕಲ್ ಪಥವಾಯಿತು. ಅದಕ್ಕಾಗಿ ಯಾರ ಮನೆಯನ್ನೂ ಕೆಡವಬೇಕಾಗಲಿಲ್ಲ, ಹೊಲವನ್ನೂ ಕೊಳ್ಳಬೇಕಾಗಲಿಲ್ಲ. ಅಡ್ಡಬರುವ ದೊಡ್ಡ ರಸ್ತೆಗಳು ಸೇತುವೆಗಳಾಗಿ ನದಿಯನ್ನು ದಾಟುವುದರಿಂದ ಸೈಕಲ್ಲಿನ ದಾರಿ ಬಹುತೇಕ ಕಡೆ ಅವುಗಳ ಅಡಿಯಲ್ಲಿ ನುಸುಳಿ ಹೋಗುತ್ತದೆ. ನದಿಯ ಹೆಸರನ್ನೇ ಹೊತ್ತ ಮೋಟಾರು ಹೆದ್ದಾರಿಯೊಂದು ಪಕ್ಕದಲ್ಲೇ ಬಹುದೂರ ಭೋರ್ಗರೆಯುತ್ತ ಬರುತ್ತದೆ. ಏರಿಯ ಮೇಲಿನವನಿಗೆ ಅದರ ಗೊಡವೆಯಿಲ್ಲ.

ಕಡಲ ಕಡೆಯಿಂದ ಹೊರಟವನಿಗೆ ಮೊದಲು ಸಿಗುವುದು ಉಬ್ಬರವಿಳಿತದ ಉಪ್ಪುನೀರು. ವಿದ್ಯುತ್ ಸ್ಥಾವರಗಳು ಬಿಡುವ ನೀರು ಬೆಚ್ಚಗಿರುವ ಕಾರಣ ಇಲ್ಲಿ ಹಸಿರು ಕಡಲಾಮೆಗಳು ಬಂದು ನೆಲೆಸಿವೆ. ತಾಳ್ಮೆಯಿಂದ ನಿಂತವನಿಗೆ ಅವು ನೀರಿನ ಮೇಲೆ ತಲೆಯೆತ್ತುವುದು ಕಾಣಿಸುತ್ತದೆ. ಮುಂದೆ ಕಾಂಕ್ರೀಟಿನ ಪಾತ್ರ, ಊರ ಮೇಲೆ ಊರು. ವಿಟಿಯರ್ ನ್ಯಾರೋಸಿನಲ್ಲಿ ಗುಡ್ಡಗಳು ಇಕ್ಕೆಲದಿಂದ ಒತ್ತಿ ಬರುತ್ತವೆ, ಮರಗಳು ಕಾಣಿಸಿಕೊಳ್ಳುತ್ತವೆ. ಆ ಕಡೆಯ ಬಯಲುಗಳಲ್ಲಿ ನೀರನ್ನು ತಡೆದು ನೆಲದೊಳಗೆ ಇಂಗಿಸಿ ಅಂತರ್ಜಲವನ್ನು ತುಂಬುತ್ತಾರೆ. ಇನ್ನೂ ಮೇಲೆ ಸಾಂಟಾ ಫೆ ಅಣೆಕಟ್ಟು. ನೆರೆ ಬಂದಾಗ ಮಾತ್ರ ನೀರು ನಿಲ್ಲಿಸುವ ಇದರ ಉದ್ದ ಏಳು ಕಿಲೋಮೀಟರಿಗೂ ಹೆಚ್ಚು. ಇಡೀ ದಾರಿಯಲ್ಲಿ ಸವಾರ ಏದುಸಿರು ಬಿಡಬೇಕಾದ ಏರು ಇದರ ನೆತ್ತಿಗೆ ಹತ್ತುವಾಗ ಮಾತ್ರ. ಅಲ್ಲಿಂದ ಎದುರಿಗೆ ನಿಂತ ಪರ್ವತಸಾಲು ಕೈಗೆಟುಕುವಂತೆ ಕಾಣುತ್ತದೆ.

ದಾರಿಯ ಕೆಳಭಾಗದಲ್ಲಿ ನಮ್ಮವರ ಮನಸ್ಸನ್ನು ಸೆಳೆಯುವ ಊರೊಂದುಂಟು. ನದಿಯಿಂದ ಎರಡು ಮೂರು ಕಿಲೋಮೀಟರು ಪೂರ್ವಕ್ಕಿರುವ ಆ ಆರ್ಟೀಸಿಯಾ, ಒಂದು ಕಾಲಕ್ಕೆ ಹೈನುಗಾರರ ಊರು. 1970ರ ದಶಕದಿಂದ ಅಲ್ಲಿಯ ಪಯನಿಯರ್ ಬುಲೆವಾರ್ಡ್ ಎಂಬ ಬೀದಿಯಲ್ಲಿ ಭಾರತೀಯರ ಅಂಗಡಿಗಳು ಒಂದೊಂದಾಗಿ ತಲೆಯೆತ್ತಿ, ಈಗ ಅದು ಪುಟ್ಟ ಭಾರತವೆಂದೇ ಹೆಸರಾಗಿದೆ. ಏರಿಯಿಂದ ಇಳಿದು ಹೋದ ಸವಾರ ಅಲ್ಲಿ ಇಡ್ಲಿ ದೋಸೆಗಳನ್ನು ತಿಂದು ಮರಳಬಹುದು. ಕಡಲಿನಿಂದ ಕಡಲಿಗೆ ಹಬ್ಬಿದ ಈ ತಿಂಡಿಗಳ ಕೀರ್ತಿಯಲ್ಲಿ ನಮ್ಮ ಹೋಟೆಲು ಬಂಧುಗಳ ಪಾಲು ಎಷ್ಟೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಅದು ನಂದನವನವೆಂದು ವಾಚಕರು ಭಾವಿಸಲಾಗದು. ಬಯಲಿನಲ್ಲಿ ನೆರಳಿಲ್ಲ; ಬೇಸಗೆಯ ಬಿಸಿಲು ಕಾಂಕ್ರೀಟಿನ ಮೇಲೆ ಕಾಯುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಒಳನಾಡಿನತ್ತ ಬೀಸುವುದರಿಂದ, ಬೆಟ್ಟದ ಕಡೆಗೆ ಹೋಗುವವನ ಬೆನ್ನು ತಟ್ಟಿದ ಗಾಳಿಯೇ ಮರಳುವವನ ಎದೆಗೆ ಕೈಯೊಡ್ಡುತ್ತದೆ. ಮಳೆ ಬಂದರೆ ಸೇತುವೆಗಳ ಅಡಿ ನೀರು ತುಂಬಿ ದಾರಿ ಮುಚ್ಚುತ್ತದೆ. ಟೈರು ತೂತುಮಾಡುವ ಮುಳ್ಳೊಂದು ಅಲ್ಲಿಯ ಸವಾರರ ಪರಮಶತ್ರು. ಅದು ಬೇರೆ ಯಾವುದೂ ಅಲ್ಲ, ನಮ್ಮ ಬಯಲುಸೀಮೆಯ ಹೊಲಬದುಗಳಲ್ಲಿ ಬರಿಗಾಲಿಗೆ ನಾಟುವ ನೆಗ್ಗಿಲು ಮುಳ್ಳೇ! ಇನ್ನು, ಆ ಸಿರಿವಂತ ನಾಡಿನಲ್ಲಿ ಮನೆಯಿಲ್ಲದವರು ನದಿಯ ಪಾತ್ರದಲ್ಲೇ ಗುಡಾರ ಹಾಕಿಕೊಂಡು ಬಾಳಿದ್ದೂ ಉಂಟು. ದಾರಿ ಎಷ್ಟು ಚೆನ್ನಾಗಿದ್ದರೂ ಅದು ಹಾದುಹೋಗುವ ಸಮಾಜದ ಸುಖದುಃಖಗಳು ಅದಕ್ಕೂ ತಪ್ಪಿದ್ದಲ್ಲ.

ಇದೇ ಪ್ರಾಂತದಲ್ಲಿ ಬೈಸಿಕಲ್ಲಿಗೆಂದೇ ದಾರಿ ಕಟ್ಟುವ ಸಾಹಸ ಹಿಂದೊಮ್ಮೆ ನಡೆದು ವಿಫಲವಾಯಿತೆಂಬುದು ಇಲ್ಲಿ ಸ್ಮರಣೀಯ. ಹೊರೇಸ್ ಡಾಬಿನ್ಸ್ ಎಂಬ ಶ್ರೀಮಂತರು ಪ್ಯಾಸಡೀನಾದಿಂದ ಲಾಸ್ ಏಂಜಲಿಸಿಗೆ ಮರದ ಕಂಬಗಳ ಮೇಲೆ ಎತ್ತರದ ಸೈಕಲ್ ಹಾದಿಯನ್ನು ಕಟ್ಟಹೊರಟು, 1900ರ ಜನವರಿ 1ರಂದು ಮೊದಲ ಭಾಗವನ್ನು ತೆರೆದರು. ಒಮ್ಮೆ ಹೋಗಲು ಹತ್ತು ಸೆಂಟು ಸುಂಕ. ಸುಮಾರು ಎರಡು ಕಿಲೋಮೀಟರಿಗೇ ಕೆಲಸ ನಿಂತಿತು. ಕೆಲವೇ ವರ್ಷಗಳಲ್ಲಿ ಹಾದಿಯೇ ಮಾಯವಾಯಿತು. ಲಾಭದ ಆಸೆಯಿಂದ, ಬೇರೆಯಾಗಿ ಬಂಡವಾಳ ಹೂಡಿ ಕಟ್ಟಿದ್ದು ಉಳಿಯಲಿಲ್ಲ. ಬೇರೊಂದು ಅಗತ್ಯಕ್ಕಾಗಿ ಜನರ ಹಣದಿಂದಲೇ ಆಗಬೇಕಾಗಿದ್ದ ಕೆಲಸದ ಬೆನ್ನಿಗೆ ಬಂದದ್ದು ಉಳಿಯಿತು. ಅದರ ಮೇಲೆ ಸುಂಕವೂ ಇಲ್ಲ.

ನಾವು ನೆಲಸಿರುವ ನಗರಗಳಲ್ಲಿ ಇಂಥ ಅವಕಾಶಗಳಿಲ್ಲವೆ? 1908ರ ಮೂಸಿ ನದಿಯ ಮಹಾಪೂರದ ತರುವಾಯ ಹೈದರಾಬಾದಿನ ರಕ್ಷಣೆಗೆ ಯೋಜನೆ ಹಾಕಿಕೊಟ್ಟವರು ಕನ್ನಡನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರು. ಆ ಯೋಜನೆಯ ಫಲವಾಗಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಮುಂಬಯಿಯಲ್ಲಿ ಮೀಠಿ, ಚೆನ್ನೈಯಲ್ಲಿ ಅಡಯಾರು, ಪುಣೆಯಲ್ಲಿ ಮುಠಾ, ಎಲ್ಲವೂ ಒಂದಲ್ಲ ಒಂದು ಮಳೆಗಾಲದಲ್ಲಿ ದಡಮೀರಿದ ನದಿಗಳೇ. ಮುಂಬಯಿಯ ನಗರಪಾಲಿಕೆ ತಾನ್ಸಾ ನೀರಿನ ಕೊಳವೆಗಳ ಪಕ್ಕದಲ್ಲಿ 39 ಕಿಲೋಮೀಟರಿನ ಸೈಕಲ್ ಪಥದ ಯೋಜನೆಯನ್ನು 2010ರ ದಶಕದಲ್ಲಿ ಕೈಗೆತ್ತಿಕೊಂಡದ್ದು ಇದೇ ತತ್ತ್ವದ ಮೇಲೆ. ನೆರೆಗೆ ಗೋಡೆ ಕಟ್ಟುವಾಗ, ಕೊಳವೆ ಹೂಳುವಾಗ, ಕಾಲುವೆ ತೋಡುವಾಗ ಅದರ ಬದಿಯಲ್ಲಿ ಎರಡು ಸೈಕಲ್ಲುಗಳು ಎದುರುಬದುರಾಗಿ ಸಾಗುವಷ್ಟು ಹಾದಿಯನ್ನು ಮೊದಲ ನಕಾಶೆಯಲ್ಲೇ ಬರೆದಿಟ್ಟರೆ ವೆಚ್ಚ ಅಲ್ಪ, ಪ್ರಯೋಜನ ಬಹಳ. ಗೋಡೆ ಎದ್ದ ಮೇಲೆ ಕೇಳಿದರೆ ಸ್ಥಳವಿಲ್ಲವೆಂಬ ಉತ್ತರವೇ ಸಿದ್ಧವಾಗಿರುತ್ತದೆ.

ಇಂಥ ಯೋಜನೆಗಳು ಪ್ರಕಟವಾದಾಗ ಸಾರ್ವಜನಿಕರ ಅಭಿಪ್ರಾಯವನ್ನು ಕೇಳುವ ಪದ್ಧತಿಯಿದೆ. ಕಾರುಳ್ಳವರು ತಮ್ಮ ಬೇಡಿಕೆಯನ್ನು ತಪ್ಪದೆ ಸಲ್ಲಿಸುತ್ತಾರೆ. ನಸುಕಿನಲ್ಲಿ ಸೈಕಲ್ ತುಳಿಯುವವರ ಪರವಾಗಿ ಬರೆಯುವವರು ವಿರಳ. ಆಯಾ ಊರಿನ ನಮ್ಮ ಸಂಘಗಳೂ ನೌಕರ ಬಂಧುಗಳೂ ಆ ಅರ್ಜಿಯನ್ನು ಬರೆಯುವ ಕೆಲಸವನ್ನು ಕೈಗೊಳ್ಳಬೇಕೆಂದು ನಾವು ವಿನಂತಿಸುತ್ತೇವೆ.