ಲೇಸರ್ ತೋರಿಸಿದ್ದೆಲ್ಲ ಮಟ್ಟವೇ?

ಜರ್ಮನಿಯಲ್ಲಿ ಅರ್ಧ ಮುಗಿದ ಕಟ್ಟಡದೊಳಗೆ ಹೋದರೆ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಅಡ್ಡಗೆರೆ ಕಾಣುತ್ತದೆ. ಅದಕ್ಕೆ ಇಲ್ಲಿ ಮೇಟರ್‌ರಿಸ್ ಅನ್ನುತ್ತಾರೆ. ಟೈಲ್ಸೋ ಮರವೋ ಹಾಸಿ ಮುಗಿದ ಮೇಲಿನ ನೆಲ ಈ ಗೆರೆಯಿಂದ ಸರಿಯಾಗಿ 1 ಮೀಟರ್ ಕೆಳಗೆ ಬರಬೇಕು ಎಂದರ್ಥ. ನೆಲ ಹಾಕುವವರು, ಬಾಗಿಲು ಕೂರಿಸುವವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಎಲ್ಲರೂ ಅಳೆಯುವುದು ಇದರಿಂದಲೇ. ಗೆರೆ ತಪ್ಪಿದರೆ ಎಲ್ಲರೂ ಒಟ್ಟಿಗೆ ತಪ್ಪುತ್ತಾರೆ. ಅದು ಗೊತ್ತಾಗೋದು ಬಾಗಿಲು ನೆಲಕ್ಕೆ ಉಜ್ಜಿದಾಗ!

ಸಿವಿಲ್ ಓದುತ್ತಾ ವೆರ್ಕ್‌ಷ್ಟುಡೆಂಟ್ ಆಗಿ ಸೈಟಿಗೆ ಹೋಗುವ ನಮ್ಮಂಥವರಿಗೆ ಈ ಕೆಲಸ ಬೇಗ ಬರುತ್ತದೆ. ಕೈಗೆ ಕೊಡುವುದು ರೊಟೇಟಿಂಗ್ ಲೇಸರ್. ನಮ್ಮೂರ ಮೇಸ್ತ್ರಿಗಳು ಪಾರದರ್ಶಕ ಪೈಪಿಗೆ ನೀರು ತುಂಬಿ ಎರಡು ಗೋಡೆಗೆ ಮಟ್ಟ ಹಿಡಿಯುವುದನ್ನು ನಾವೆಲ್ಲ ನೋಡಿದ್ದೇವೆ. ಅದೇ ಪೈಪಿಗೆ ಜರ್ಮನ್ನಿನಲ್ಲೂ ಹೆಸರಿದೆ, ಶ್ಲೌಖ್‌ವಾಗೆ. ಪೈಪಿನೊಳಗೆ ಗಾಳಿಗುಳ್ಳೆ ಇಲ್ಲದಿದ್ದರೆ ನೀರು ಸುಳ್ಳು ಹೇಳುವುದಿಲ್ಲ. ಲೇಸರ್ ಹೇಳಬಹುದು, ಅದೂ ಹಸಿರು ದೀಪ ಹಾಕಿಕೊಂಡೇ.

ಕೂರಿಸುವುದು ಕಷ್ಟವಲ್ಲ. ಸ್ಟ್ಯಾಂಡನ್ನು ಕೆಲಸದ ಜಾಗದ ನಡುವೆ ಇಡಿ. ಮಣ್ಣಾದರೆ ಕಾಲುಗಳನ್ನು ತುಳಿದು ಊರಿ. ನುಣ್ಣನೆ ಕಾಂಕ್ರೀಟಾದರೆ ಕಾಲು ಜಾರದ ಹಾಗೆ ಸರಪಳಿ ಕಟ್ಟಿ. ತಲೆಯನ್ನು ಕಣ್ಣಂದಾಜಿಗೆ ಮಟ್ಟ ಮಾಡಿದರೆ ಸಾಕು, ಹೆಚ್ಚಿನ ಯಂತ್ರಗಳು ಸುಮಾರು 5 ಡಿಗ್ರಿ ವಾಲಿದ್ದರೂ ತಾವೇ ಸರಿಮಾಡಿಕೊಳ್ಳುತ್ತವೆ. ಚಳಿಗಾಲದಲ್ಲಿ ಬೆಚ್ಚಗಿನ ವ್ಯಾನಿನಿಂದ ಇಳಿಸಿದ ತಕ್ಷಣ ನಂಬಬೇಡಿ, ಹೊರಗಿನ ತಂಪಿಗೆ ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಕೊಡಿ. ಕಿರಣ ಯಾರ ಕಣ್ಣಿನ ಎತ್ತರಕ್ಕೂ ಬಾರದ ಹಾಗೆ ನೋಡಿಕೊಳ್ಳಿ.

ಇಷ್ಟಾದ ಮೇಲೆ ದೀಪ ಹಸಿರಾಗುತ್ತದೆ, ಎಲ್ಲರೂ ಕೆಲಸ ಶುರು ಮಾಡಿಬಿಡುತ್ತಾರೆ. ನಮ್ಮ ತಕರಾರು ಇಲ್ಲೇ. ಹಸಿರು ದೀಪದ ಅರ್ಥ, ಯಂತ್ರ ತಾನು ಮಟ್ಟವೆಂದು ತಿಳಿದುಕೊಂಡ ಸ್ಥಿತಿಗೆ ಬಂದಿದೆ, ಅಷ್ಟೇ. ಆ ತಿಳಿವಳಿಕೆಯೇ ಕೆಟ್ಟಿದ್ದರೆ? ಬಾಡಿಗೆ ಯಂತ್ರ ನಮಗಿಂತ ಮುಂಚೆ ಎಷ್ಟು ಸಲ ಬಿದ್ದಿದೆಯೋ ಯಾರಿಗೆ ಗೊತ್ತು.

ಪರೀಕ್ಷೆ ಹೀಗೆ. ಗೋಡೆಯಿಂದ 20 ಮೀಟರ್ ದೂರದಲ್ಲಿ ಯಂತ್ರ ಇಡಿ. ಅದರ ಒಂದು ಮುಖ ಗೋಡೆಯ ಕಡೆಗಿರಲಿ. ರಿಸೀವರನ್ನು ಗೋಡೆಗೆ ಹಿಡಿದು ಮೇಲೆ ಕೆಳಗೆ ಸರಿಸಿ, ಬಿಟ್ಟು ಬಿಟ್ಟು ಬರುವ ಬೀಪ್ ಒಂದೇ ಸಮನೆ ಕೂಗುವ ಕಡೆ ಪೆನ್ಸಿಲ್ ಗೀರಿ. ಸ್ಟ್ಯಾಂಡ್ ಅಲುಗಿಸದೆ ಯಂತ್ರವನ್ನು 180 ಡಿಗ್ರಿ ತಿರುಗಿಸಿ. ಅದು ಮತ್ತೆ ಮಟ್ಟ ಹಿಡಿಯುವ ತನಕ ಕಾದು ಇನ್ನೊಂದು ಗೀರು ಹಾಕಿ. ಕಿರಣ ಮೊದಲು ಎಷ್ಟು ಮೇಲಕ್ಕೆ ವಾಲಿತ್ತೋ ಈಗ ಅಷ್ಟೇ ಕೆಳಕ್ಕೆ ವಾಲಿರುತ್ತದೆ. ಹಾಗಾಗಿ ಎರಡು ಗೀರುಗಳ ಅಂತರ ನಿಜವಾದ ತಪ್ಪಿನ ಎರಡರಷ್ಟು. ಅಂತರ 6 ಮಿ.ಮೀ. ಬಂದರೆ ತಪ್ಪು 20 ಮೀಟರಿಗೆ 3 ಮಿ.ಮೀ. ಯಂತ್ರದ ಪುಸ್ತಕದಲ್ಲಿ 10 ಮೀಟರಿಗೆ 1 ಮಿ.ಮೀ. ಎಂದಿದ್ದರೆ 4 ಮಿ.ಮೀ. ಅಂತರದ ತನಕ ಒಪ್ಪಬಹುದು, 6 ಒಪ್ಪುವಂತಿಲ್ಲ. ಅಂಥ ಯಂತ್ರವನ್ನು 40 ಮೀಟರ್ ಕಾರಿಡಾರಿನ ನಡುವೆ ಇಟ್ಟರೆ ಒಂದು ತುದಿ 3 ಮಿ.ಮೀ. ಮೇಲೆ, ಇನ್ನೊಂದು ತುದಿ 3 ಮಿ.ಮೀ. ಕೆಳಗೆ. ಆಮೇಲೆ ಯಂತ್ರವನ್ನು 90 ಡಿಗ್ರಿ ತಿರುಗಿಸಿ ಅಡ್ಡ ದಿಕ್ಕಿಗೂ ಇದೇ ಜೋಡಿ ಗೀರು ಹಾಕಬೇಕು. ಒಂದು ದಿಕ್ಕು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು.

ಇದರಲ್ಲಿ ಸಿಕ್ಕಿಬೀಳದ ಕಳ್ಳನೊಬ್ಬ ಇದ್ದಾನೆ. ಕಿರಣ ತಟ್ಟೆಯ ಹಾಗೆ ಸಪಾಟಾಗಿ ಸುತ್ತದೆ ಛತ್ರಿಯ ಹಾಗೆ ಸುತ್ತಲೂ ಒಂದೇ ಸಮನೆ ಇಳಿದಿದ್ದರೆ, ಎತ್ತ ತಿರುಗಿಸಿದರೂ ಗೀರು ಒಂದೇ ಕಡೆ ಬೀಳುತ್ತದೆ. ಇವನನ್ನು ಹಿಡಿಯಲು ಎದುರುಬದುರು ಎರಡು ಗೋಡೆ ಬೇಕು. ಮೊದಲು ಯಂತ್ರವನ್ನು ಸರಿ ನಡುವೆ ಇಟ್ಟು ಎರಡೂ ಗೋಡೆಗೆ ಗೀರು ಹಾಕಿ. ದೂರ ಸಮ ಇರುವುದರಿಂದ ತಪ್ಪೂ ಸಮ, ಗೀರುಗಳು ಪರಸ್ಪರ ಮಟ್ಟದಲ್ಲೇ ಇರುತ್ತವೆ. ಆಮೇಲೆ ಒಂದು ಗೋಡೆಯ ಹತ್ತಿರ ತಂದಿಟ್ಟು ಮತ್ತೆ ಎರಡು ಕಡೆ ಗೀರಿ. ಹಳೇ ಗೀರಿಗೂ ಹೊಸ ಗೀರಿಗೂ ಎರಡು ಗೋಡೆಯಲ್ಲೂ ಒಂದೇ ಅಂತರ ಬರಬೇಕು. ಬರದಿದ್ದರೆ ಛತ್ರಿ ಬಿಚ್ಚಿಕೊಂಡಿದೆ.

ಯಂತ್ರ ಪಾಸಾದರೆ ಮೇಟರ್‌ರಿಸ್ ಎಳೆಯುವುದು ಸಲೀಸು. ಪೋಲಿಯರ್, ಅಂದರೆ ಸೈಟಿನ ಮೇಸ್ತ್ರಿ, ತೋರಿಸಿದ ಗುರುತಿಗೆ ಸ್ಟಾಫಿನ ಬುಡ ಇಟ್ಟು, ಬೀಪ್ ಒಂದೇ ಸಮನೆ ಬರುವ ಎತ್ತರಕ್ಕೆ ರಿಸೀವರನ್ನು ಬಿಗಿ ಮಾಡಿ. ಬೇರೆ ಗೋಡೆಗೆ ಒಯ್ದು ಅದೇ ಬೀಪ್ ಬರುವ ತನಕ ಇಡೀ ಸ್ಟಾಫನ್ನು ಎತ್ತಿ ಇಳಿಸಿ. ಬುಡ ಎಲ್ಲಿದೆಯೋ ಅಲ್ಲಿ ಗೆರೆ.

ನಡುವೆ ಯಾರಾದರೂ ಸ್ಟ್ಯಾಂಡಿಗೆ ಕಾಲು ತಾಗಿಸಿದರೆ ಯಂತ್ರ ಸದ್ದಿಲ್ಲದೆ ಹೊಸ ಎತ್ತರದಲ್ಲಿ ಮತ್ತೆ ಮಟ್ಟ ಹಿಡಿದುಬಿಡಬಹುದು. ಅಲುಗಿದರೆ ನಿಲ್ಲಿಸುವ ಅಲಾರ್ಮ್ ಇದ್ದರೆ ಆನ್ ಮಾಡಿ. ಇರಲಿ ಬಿಡಲಿ, ಪ್ರತಿ ಕೋಣೆ ಮುಗಿದಾಗ ಸ್ಟಾಫನ್ನು ಮೊದಲ ಗುರುತಿಗೆ ತಂದು ಬೀಪ್ ಕೇಳಿ. ಫೇಲಾದ ಯಂತ್ರದ ಸ್ಕ್ರೂ ತಿರುವಲು ಹೋಗಬೇಡಿ. ಅಳತೆ ಬರೆದ ಚೀಟಿ ಅಂಟಿಸಿ ಸರ್ವಿಸಿಗೆ ಕಳಿಸಿ, ಇಲ್ಲವಾದರೆ ನಾಳೆ ಇನ್ನೊಬ್ಬರು ಅದನ್ನೇ ಎತ್ತಿಕೊಂಡು ಹೋಗ್ತಾರೆ.