ಊರಾಚೆ ಒಂದು ಮನೆ

ವಿಜಯಪುರದ ಪೇಟೆಯ ಗದ್ದಲವನ್ನು ಹಿಂದಕ್ಕೆ ಬಿಟ್ಟು, ಪಡುವಣಕ್ಕೆ ಅಥಣಿಯ ದಾರಿ ಹಿಡಿದು ಐದಾರು ಕಿಲೋಮೀಟರು ಸಾಗಿದರೆ ತೊರವಿ ಸಿಕ್ಕುತ್ತದೆ. ಸಂಜೆಯ ಹೊತ್ತು ಅಲ್ಲಿ ಜೋಳದ ಹೊಲದ ಮೇಲಿಂದ ತಂಗಾಳಿ ಬೀಸುತ್ತದೆ. ಆಕಾಶ ಅಂಚಿನಿಂದ ಅಂಚಿಗೆ ಕಾಣುತ್ತದೆ. ಬಾಡಿಗೆಯ ಮನೆಯ ಎರಡು ಕೋಣೆಗಳಲ್ಲಿ ಸಂಸಾರವನ್ನು ಹೊಂದಿಸಿಕೊಂಡು ಬೇಸತ್ತ ಗೃಹಸ್ಥನಿಗೆ, "ಇಲ್ಲೇ ಒಂದು ಮನೆ ಕಟ್ಟಿಕೊಂಡು ಇದ್ದುಬಿಟ್ಟರಾಗದೆ?" ಎನಿಸುವುದು ಸಹಜ. ಅವನ ಮನಸ್ಸನ್ನು ಅರಿತವರಂತೆ ಯಾರೋ ಹೊಲದ ನಡುವೆ ಸುಣ್ಣ ಬಳಿದ ಕಲ್ಲುಗಳನ್ನು ನೆಟ್ಟಿರುತ್ತಾರೆ. ದಾರಿಯ ಬಾಯಲ್ಲಿ ಬಣ್ಣದ ಕಮಾನು. ಕಮಾನಿನ ಮೇಲೆ ಯಾವುದಾದರೊಂದು ದೇವರ ಹೆಸರು. ಕೆಳಗೆ "ಪ್ಲಾಟುಗಳು ಮಾರಾಟಕ್ಕಿವೆ" ಎಂಬ ಫಲಕ.

ಈ ಆಸೆ ಇಂದಿನದಲ್ಲ. ಇದೇ ತೊರವಿಯಲ್ಲಿ ಇದೇ ಆಸೆಯಿಂದ ಮನೆ ಕಟ್ಟಹೊರಟವನೊಬ್ಬನಿದ್ದ. ಅವನು ಬಾಡಿಗೆಯ ಮನೆಯವನಲ್ಲ, ವಿಜಯಪುರದ ಅರಸನೇ ಆಗಿದ್ದ.

ಅರಸನೂ ಊರಾಚೆ ಹೋದ

ಎರಡನೆಯ ಇಬ್ರಾಹಿಂ ಆದಿಲ್‌ಶಾಹನು 1580ರಿಂದ 1627ರವರೆಗೆ ಆಳಿದವನು. ಸಂಗೀತವೆಂದರೆ ಪ್ರಾಣವೆನ್ನುವ ರಸಿಕ. ಜಗದ್ಗುರುವೆಂದು ಜನರಿಂದ ಕರೆಯಿಸಿಕೊಂಡವನು. 'ಕಿತಾಬ್-ಎ-ನವರಸ್' ಎಂಬ ಗೀತಸಂಗ್ರಹವನ್ನು ರಚಿಸಿದವನು. ಅವನಿಗೆ ಊರಿನಲ್ಲಿ ಕೊರತೆಯೇನೂ ಇರಲಿಲ್ಲ. ಅವನ ಹಿಂದಿನ ಅರಸ ಒಂದನೆಯ ಅಲಿ ಆದಿಲ್‌ಶಾಹನು ಕಟ್ಟಿಸಿದ ಕೋಟೆ ಸುಮಾರು 10 ಕಿಲೋಮೀಟರು ಸುತ್ತಳತೆಯಲ್ಲಿ ಊರನ್ನು ಬಳಸಿ ನಿಂತಿತ್ತು. ಆದರೂ 1599ರಲ್ಲಿ ಅವನು ತೊರವಿಯ ಬಳಿ ನವರಸಪುರವೆಂಬ ಹೊಸ ಪಟ್ಟಣಕ್ಕೆ ಕೈಹಾಕಿದ. ಅರಮನೆಗಳೆದ್ದುವು, ಸಂಗೀತ ಮಹಲು ಎದ್ದಿತು. ಆದರೆ ಪಟ್ಟಣದ ಸುತ್ತಣ ಕೋಟೆಗೋಡೆ ಮಾತ್ರ ಪೂರ್ತಿಯಾಗಲಿಲ್ಲ.

1624ರಲ್ಲಿ ಅಹಮದನಗರದ ಸೇನಾನಿ ಮಲಿಕ್ ಅಂಬರನು ದಂಡೆತ್ತಿ ಬಂದಾಗ ವಿಜಯಪುರಕ್ಕೆ ಅದರ ಕೋಟೆ ರಕ್ಷೆಯಾಯಿತು. ನವರಸಪುರಕ್ಕೆ ರಕ್ಷೆಯಿರಲಿಲ್ಲ, ಅದು ಸೂರೆಯಾಯಿತು. ಇಂದು ಅಲ್ಲಿ ಉಳಿದಿರುವುದು ಸಂಗೀತ ಮಹಲಿನ ಎತ್ತರವಾದ ಕಮಾನುಗಳು ಮತ್ತು ಅಲ್ಲಲ್ಲಿ ಚದರಿದ ಗೋಡೆಗಳು.

ಪ್ಲಾಟು ಕೊಳ್ಳಹೊರಟವರು ಮೊದಲು ಈ ಮಹಲನ್ನು ಒಮ್ಮೆ ನೋಡಿ ಬರುವುದು ಲೇಸು. ಶಾಂತಿ, ಗಾಳಿ, ಬಯಲು ಇವೆಲ್ಲ ಅರಸನಿಗೂ ದೊರೆತುವು. ಕಣ್ಣಿಗೆ ಸೊಗಸಾದುದು ಮೊದಲು ಎದ್ದಿತು, ಬಾಳಿಗೆ ಬೇಕಾದುದು ಹಿಂದುಳಿಯಿತು. ಊರಾಚೆಯ ಬಡಾವಣೆಗಳ ಕಥೆಯೂ ಎಷ್ಟೋ ಕಡೆ ಇದೇ ಅಲ್ಲವೆ? ಕಮಾನು ಮೊದಲು ಏಳುತ್ತದೆ, ಚರಂಡಿ ಕಡೆಗೆ ಬರುತ್ತದೆ.

ಲಾಭಗಳೇನೂ ಸುಳ್ಳಲ್ಲ

ಹಾಗೆಂದು ಊರಾಚೆಯ ಬಾಳನ್ನು ಹಳಿಯಬೇಕಾಗಿಲ್ಲ. ಮಕ್ಕಳಿಗೆ ಓಡಾಡಲು ಅಂಗಳ, ಮುದುಕರಿಗೆ ಬೇವಿನ ಮರದ ನೆರಳು, ಗೃಹಿಣಿಗೆ ಹಿತ್ತಲಿನಲ್ಲಿ ಕರಿಬೇವು, ನುಗ್ಗೆ, ನಿಂಬೆ. ಇಷ್ಟಕ್ಕೂ ಸ್ಥಳ ಸಿಕ್ಕುವುದು ಊರಾಚೆಯೇ. ಪೇಟೆಯಲ್ಲಿ ಅರ್ಧ ಗುಂಟೆಗೆ ತೆರುವ ಹಣದಲ್ಲಿ ಇಲ್ಲಿ ಅದಕ್ಕಿಂತ ದೊಡ್ಡ ನೆಲವನ್ನು ಪಡೆಯಬಹುದು.

ತೊರವಿಯು ಬರಿಯ ಬಯಲೂ ಅಲ್ಲ. ಅಲ್ಲಿಯ ನರಸಿಂಹ ದೇವರ ಸನ್ನಿಧಿಯಲ್ಲಿ 'ತೊರವೆ ರಾಮಾಯಣ' ಹುಟ್ಟಿತು. ಅದನ್ನು ರಚಿಸಿದ ಕುಮಾರ ವಾಲ್ಮೀಕಿಯು ಆ ಊರಿನ ಹೆಸರನ್ನು ಕನ್ನಡ ನಾಡಿಗೆಲ್ಲ ಪರಿಚಯಿಸಿದನು. 2003ರಲ್ಲಿ ಸ್ಥಾಪಿತವಾಗಿ 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆದ ಮಹಿಳಾ ವಿಶ್ವವಿದ್ಯಾನಿಲಯದ ಆವರಣವೂ ಇಲ್ಲಿಯೇ ಇದೆ. ಹೆಣ್ಣುಮಕ್ಕಳ ಓದಿನ ಚಿಂತೆಯುಳ್ಳ ತಾಯಿತಂದೆಯರಿಗೆ ಇದೇನು ಸಣ್ಣ ಆಕರ್ಷಣೆಯಲ್ಲ.

ವಿಜಯಪುರ ಬೆಳೆಯುತ್ತಲೂ ಇದೆ. 1885ರಲ್ಲಿ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಇಲ್ಲಿಗೆ ಬಂದಾಗ, ಹಾಳುಬಿದ್ದ ಮಹಲುಗಳಲ್ಲಿಯೇ ಸರಕಾರಿ ಕಚೇರಿಗಳು ಕುಳಿತಿದ್ದುವು. 2011ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಮೂರು ಲಕ್ಷವನ್ನು ದಾಟಿತ್ತು. ಕೋಟೆಯೊಳಗೆ ಹಿಡಿಸದ ಊರು ಕೋಟೆಯ ಹೊರಗೆ ಹರಿಯುವುದು ಸಹಜವೇ. ಪ್ರಶ್ನೆಯೆಂದರೆ, ಹರಿದ ಊರಿನ ಹಿಂದೆಯೇ ನೀರೂ ಹರಿಯುತ್ತದೆಯೇ ಎಂಬುದು.

ನೀರೆಂಬ ಮೊದಲ ಮಾತು

"ನೀರಿನ ಚಿಂತಿ ಬ್ಯಾಡ್ರೀ ಸಾಹೇಬ್ರ, ಎರಡು ಬೋರ್ ಅದಾವ," ಎನ್ನುತ್ತಾನೆ ದಲ್ಲಾಳಿ. ಗೃಹಸ್ಥನು ತಲೆದೂಗುತ್ತಾನೆ. ಆದರೆ ಜತೆಗೆ ಬಂದ ಗೃಹಿಣಿ ಸುಮ್ಮನಿರುವುದಿಲ್ಲ. "ಬ್ಯಾಸಿಗ್ಯಾಗ ನೀರು ಇರತಾವೇನ್ರೀ ಅಣ್ಣಾರ? ಆ ನೀರಾಗ ಬ್ಯಾಳಿ ಕುದಿತಾವೇನ್ರೀ?" ಎಂದು ಕೇಳುತ್ತಾಳೆ. ದೊಡ್ಡ ದೊಡ್ಡ ಎಂಜಿನಿಯರುಗಳು ಕೇಳಬೇಕಾದ ಎರಡು ಪ್ರಶ್ನೆಗಳನ್ನು ಆಕೆ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಿರುತ್ತಾಳೆ.

ಇದು ಮಳೆ ಕಡಮೆಯ ಸೀಮೆ. ವರ್ಷಕ್ಕೆ ಬೀಳುವುದು 60 ಸೆಂಟಿಮೀಟರಿನ ಆಸುಪಾಸು. ಭೂಮಿಯ ಕೆಳಗಿರುವುದು ಕಪ್ಪು ಶಿಲೆಯ ಪದರಗಳು. ಆ ಶಿಲೆಯಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮತ್ತು ಸವೆದು ಸಡಿಲಾದ ಪದರಗಳಲ್ಲಿ ಮಾತ್ರ. ಆದುದರಿಂದ ನೆರೆಯವನ ಬೋರಿನಲ್ಲಿ ನೀರು ಚಿಮ್ಮಿತೆಂದು ನಮ್ಮದರಲ್ಲಿಯೂ ಚಿಮ್ಮಬೇಕೆಂಬ ನಿಯಮವಿಲ್ಲ. ಆಳಕ್ಕೆ ಹೋದಷ್ಟೂ ನೀರು ಹೆಚ್ಚೆಂಬ ಭರವಸೆಯೂ ಇಲ್ಲ. ಸಿಕ್ಕ ನೀರು ಗಡುಸಾಗಿದ್ದರೆ ಬೇಳೆ ಬೇಗ ಬೇಯದು, ಸಾಬೂನು ನೊರೆಯಾಗದು, ಪಾತ್ರೆಯ ತಳದಲ್ಲಿ ಬಿಳಿಯ ಹೊಪ್ಪಳೆ ಕಟ್ಟುವುದು. ಗೃಹಿಣಿಯ ಬೇಳೆಯ ಪರೀಕ್ಷೆ ಹುರುಳಿಲ್ಲದ್ದಲ್ಲ.

ಇಲ್ಲಿಯೂ ಇತಿಹಾಸವೊಂದು ಪಾಠ ಹೇಳುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ನೀರು ಹೋಗುತ್ತಿದ್ದುದು ತೊರವಿಯಿಂದಲೇ ವಿಜಯಪುರಕ್ಕೆ! ಎತ್ತರದ ನೆಲದಲ್ಲಿ ಸಂಗ್ರಹವಾದ ನೀರನ್ನು ಭೂಮಿಯೊಳಗಿನ ಸುರಂಗದಲ್ಲಿ ಇಳಿಜಾರಿನ ಬಲದಿಂದಲೇ ಊರಿಗೆ ಒಯ್ಯುತ್ತಿದ್ದರು. ನಡುನಡುವೆ ಗಾಳಿಗೂ ದುರಸ್ತಿಗೂ ಅನುಕೂಲವಾಗುವಂತೆ ಬಾವಿಯಂತಹ ಕಂಡಿಗಳು; ಊರೊಳಗೆ 'ಗಂಜ್' ಎಂಬ ಕಲ್ಲಿನ ಗೋಪುರಗಳು. ಮಣ್ಣಿನ ಕೊಳವೆಗಳ ಮೇಲಿನ ಒತ್ತಡವನ್ನು ತಗ್ಗಿಸುವುದೂ ಕೆಸರನ್ನು ತಳಕ್ಕಿಳಿಸುವುದೂ ಆ ಗೋಪುರಗಳ ಕೆಲಸ. ತೊರವಿಯ ಸುರಂಗ ಬಾವಡಿ ಆ ಜಾಣ್ಮೆಗೆ ಇಂದಿಗೂ ಸಾಕ್ಷಿ. ಸಾಲದೆಂದು ಊರಿನಲ್ಲಿ ಚಾಂದ ಬಾವಡಿ, 1620ರ ತಾಜ ಬಾವಡಿ, ತೆಂಕಣಕ್ಕೆ 1651ರ ಬೇಗಂ ತಲಾಬ ಇವೆಲ್ಲ ಆದುವು. ಅರಸರು ಮಹಲಿಗೆ ಎಷ್ಟು ಗಮನ ಕೊಟ್ಟರೋ ನೀರಿಗೂ ಅಷ್ಟೇ ಕೊಟ್ಟರು. ಆದುದರಿಂದಲೇ ಈ ಒಣ ನೆಲದಲ್ಲಿ ದೊಡ್ಡ ರಾಜಧಾನಿ ನಿಂತಿತು.

ಇಂದು ವಿಜಯಪುರಕ್ಕೆ ಕೊಲ್ಹಾರದ ಬಳಿಯಿಂದ ಕೃಷ್ಣೆಯ ನೀರು ಬರುತ್ತದೆ. ತುಬಚಿ–ಬಬಲೇಶ್ವರ ಏತ ನೀರಾವರಿಯು ತಿಕೋಟಾ, ಬಬಲೇಶ್ವರಗಳ ಕಡೆಗೆ ಕೃಷ್ಣೆಯನ್ನು ಎತ್ತಿ ತಂದಿದೆ. ಆದರೆ ಊರಿಗೆ ನೀರು ಬಂದುದೆಂದರೆ ಬಡಾವಣೆಗೆ ಬಂದಂತಲ್ಲ. ಬಡಾವಣೆಗೆ ಬಂದುದೆಂದರೆ ಮನೆಯ ನಲ್ಲಿಗೆ ಬಂದಂತಲ್ಲ. ನೋಡಬೇಕಾದುದು ಕೊಳವೆಯ ನಕ್ಷೆಯನ್ನಲ್ಲ, ನೀರು ಸುರಿಯುವ ನಲ್ಲಿಯನ್ನು. ಅದನ್ನೂ ಶ್ರಾವಣದಲ್ಲಲ್ಲ, ವೈಶಾಖದಲ್ಲಿ ನೋಡಬೇಕು.

ನೆಲದ ಗುಣ, ನೆರೆಯ ಗುಣ

ಎರಡನೆಯ ಮಾತು ನೆಲ. ವಿಜಯಪುರದ ಸುತ್ತ ಎರೆಭೂಮಿಯೂ ಉಂಟು, ಮಡ್ಡಿಯೂ ಉಂಟು. ಎರೆಯ ಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಜೋಳಕ್ಕೆ ಅದು ತಾಯಿ, ಗೋಡೆಗೆ ಮಲತಾಯಿ. ಎರೆಯನ್ನು ದಾಟಿ ಗರಸೋ ಗಟ್ಟಿ ಕಲ್ಲೋ ಸಿಗುವವರೆಗೆ ಅಡಿಪಾಯವನ್ನು ಇಳಿಸದಿದ್ದರೆ, ಗೃಹಪ್ರವೇಶದ ತೋರಣ ಬಾಡಿದ ಕೆಲವೇ ವರ್ಷಗಳಲ್ಲಿ ಗೋಡೆಯಲ್ಲಿ ಬಿರುಕು ಕಾಣುತ್ತದೆ. ಮಡ್ಡಿಯಲ್ಲಿ ಅಗೆಯುವ ಕೂಲಿ ಹೆಚ್ಚು, ಆದರೆ ತಳ ಗಟ್ಟಿ. ಅಗ್ಗದ ಎರೆಪ್ಲಾಟು ಅಡಿಪಾಯದಲ್ಲಿ ದುಬಾರಿಯಾಗಬಹುದೆಂಬ ಲೆಕ್ಕವನ್ನು ಮೊದಲೇ ಹಾಕಬೇಕು.

ಬಿಸಿಲೂ ಇಲ್ಲಿ ಲೆಕ್ಕಕ್ಕೆ ಸೇರಬೇಕಾದುದೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣವು 40 ಡಿಗ್ರಿಯನ್ನು ಮುಟ್ಟುತ್ತದೆ. ಬಯಲಿನಲ್ಲಿ ಒಂಟಿಯಾಗಿ ನಿಂತ ಮನೆಗೆ ನೆರೆಮನೆಯ ನೆರಳೂ ಇಲ್ಲ. ಹಿಂದಿನವರ ಮಣ್ಣಿನ ಮಾಳಿಗೆಯೂ ದಪ್ಪ ಕಲ್ಲುಗೋಡೆಯೂ ಸುಮ್ಮನೆ ಹುಟ್ಟಿದುವಲ್ಲ. ತೆಳುಗೋಡೆಯ, ಸಿಮೆಂಟು ಛಾವಣಿಯ ಮನೆ ಕಟ್ಟುವವರು ಪಡುವಣ ದಿಕ್ಕಿಗೆ ಕಿಟಕಿಯನ್ನು ಕಡಮೆ ಮಾಡಿ, ಬೇವಿನ ಸಸಿಯನ್ನು ಅಡಿಪಾಯದ ದಿನವೇ ನೆಡುವುದು ಜಾಣತನ.

ನೆರೆಯಲ್ಲಿ ಏನಿದೆಯೆಂಬುದನ್ನೂ ವಿಚಾರಿಸಬೇಕು. ತಿಕೋಟಾ ಕಡೆಯದು ದ್ರಾಕ್ಷಿಯ ಸೀಮೆ. ಕಣ್ಣಿಗೆ ದ್ರಾಕ್ಷಿಯ ಪಡಗು ಬಲು ಚೆಂದ. ಆದರೆ ಅಕ್ಟೋಬರಿನಲ್ಲಿ ಬಳ್ಳಿ ಕತ್ತರಿಸಿದಂದಿನಿಂದ ಗೊನೆ ಬಲಿಯುವವರೆಗೆ ಔಷಧಿ ಸಿಂಪಡಿಸುವುದು ರೈತನಿಗೆ ಅನಿವಾರ್ಯ. ಅವನು ಅಲ್ಲಿ ಮೊದಲಿನಿಂದ ಇರುವವನು, ಬಂದವರು ನಾವು. ಅವನ ಮೇಲೆ ಮುನಿದು ಫಲವಿಲ್ಲ. ತೋಟಕ್ಕೂ ಮನೆಗೂ ತಕ್ಕ ಅಂತರವಿಟ್ಟುಕೊಳ್ಳುವುದೇ ಮೇಲು.

ಕಾಗದವೆಂಬ ಕೋಟೆ

ನವರಸಪುರದ ಗೋಡೆ ಕಲ್ಲಿನದು. ಇಂದಿನ ಗೃಹಸ್ಥನ ಗೋಡೆ ಕಾಗದದ್ದು. ಹೊಲದ ಉತಾರ ಮಾರುವವನ ಹೆಸರಿನಲ್ಲಿದೆಯೇ? 1964ರ ಭೂ ಕಂದಾಯ ಕಾಯಿದೆಯ 95ನೆಯ ಕಲಮಿನಂತೆ ಅದು ಎನ್.ಎ. ಆಗಿದೆಯೇ? ಬಡಾವಣೆಯ ನಕ್ಷೆ ಮಂಜೂರಾಗಿದೆಯೇ? ಅದರಲ್ಲಿ ಉದ್ಯಾನವೆಂದು ತೋರಿಸಿದ ಜಾಗದಲ್ಲಿಯೇ ನಮ್ಮ ಪ್ಲಾಟು ಇಲ್ಲವಷ್ಟೆ? ಪಾಲಿಕೆಯ ಎಲ್ಲೆ ಎಲ್ಲಿ ಮುಗಿದು ಪಂಚಾಯತಿಯ ಎಲ್ಲೆ ಎಲ್ಲಿ ತೊಡಗುತ್ತದೆ? ಪಂಚಾಯತಿಯದಾದರೆ ಇ-ಸ್ವತ್ತಿನ ನಮೂನೆಗಳಿವೆಯೇ? ಕಸ, ದೀಪ, ಚರಂಡಿಗಳಿಗೆ ಯಾರ ಬಾಗಿಲು ತಟ್ಟಬೇಕೆಂಬುದು ಈ ಎಲ್ಲೆಯನ್ನೇ ಅವಲಂಬಿಸಿದೆ.

ಗುಂಟೆಯ ಲೆಕ್ಕದಲ್ಲಿ ಹೊಲವನ್ನು ಸೀಳಿ, ಬಾಂಡ್ ಕಾಗದದ ಮೇಲೆ ಸಹಿ ಹಾಕಿಸಿ ಹಣ ಎಣಿಸಿಕೊಳ್ಳುವವರೂ ಉಂಟು. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಖರೇದಿ ನೋಂದಣಿಯಾಗದೆ ಸಿಂಧುವಾಗದೆಂಬುದು ಹಳೆಯ ಕಾನೂನು. 2016ರ ಸ್ಥಿರಾಸ್ತಿ ಕಾಯಿದೆಯಂತೆ 500 ಚದರ ಮೀಟರಿಗೆ ಮಿಕ್ಕ ಬಡಾವಣೆಯು ಪ್ರಾಧಿಕಾರದಲ್ಲಿ ದಾಖಲಾಗಿರಬೇಕು. ಅಲ್ಲಿ ನೋಂದಾಯಿತ ಕರಾರಿಲ್ಲದೆ ಬೆಲೆಯ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ಮುಂಗಡವನ್ನು ಪಡೆಯುವಂತಿಲ್ಲ. ಇದನ್ನು ಅರಿತ ಗೃಹಸ್ಥನ ಮುಂದೆ ದಲ್ಲಾಳಿಯ ಮಾತು ತಾನಾಗಿಯೇ ಮೆತ್ತಗಾಗುತ್ತದೆ.

ಯಾರಿಗೆ ಒಪ್ಪುವುದು?

ಇಷ್ಟೆಲ್ಲ ನೋಡಿದ ಮೇಲೂ ಒಂದು ಮಾತು ಉಳಿಯುತ್ತದೆ. ಊರಾಚೆಯ ಮನೆ ಎಲ್ಲರಿಗೂ ಒಗ್ಗುವುದಿಲ್ಲ. ಗಂಡ ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ನಾಲ್ಕೇ ಮನೆಗಳ ಬಡಾವಣೆಯಲ್ಲಿ ಗೃಹಿಣಿ ದಿನವಿಡೀ ಒಬ್ಬಳೇ. ಆತನಿಗೆ ಶಾಂತಿಯೆನಿಸಿದುದು ಆಕೆಗೆ ಒಂಟಿತನವಾಗಬಹುದು. ಮುದಿ ತಂದೆಗೆ ನಡುರಾತ್ರಿ ಎದೆನೋವು ಬಂದರೆ ಐದಾರು ಕಿಲೋಮೀಟರು ಬಲು ದೂರ. ಸ್ವಂತ ವಾಹನವುಳ್ಳವರಿಗೆ, ನಾಲ್ಕು ವರ್ಷ ಕಾಯುವ ತಾಳ್ಮೆಯುಳ್ಳವರಿಗೆ, ನೆರೆಯವರೊಡನೆ ಸೇರಿ ದೀಪಕ್ಕೂ ದಾರಿಗೂ ಅರ್ಜಿ ಹಿಡಿದು ಓಡಾಡಬಲ್ಲವರಿಗೆ ಇದು ನಿಜವಾಗಿಯೂ ಸುಖದ ತಾಣ. ಕೂಡಿಸಿಟ್ಟ ಹಣವನ್ನೆಲ್ಲ ಪ್ಲಾಟಿಗೇ ಸುರಿದು, ಬಾವಿಗೂ ಅಡಿಪಾಯಕ್ಕೂ ಸಾಲ ಹುಡುಕುವವರಿಗೆ ಅದು ಕಷ್ಟದ ತಾಣ.

ಆದುದರಿಂದ ಸಂಚಕಾರ ಕೊಡುವುದಕ್ಕೆ ಮುನ್ನ ಆ ನೆಲವನ್ನು ಮೂರು ಬಾರಿ ನೋಡಬೇಕು: ಬೇಸಗೆಯ ನಡುಮಧ್ಯಾಹ್ನ ಒಮ್ಮೆ, ದೊಡ್ಡ ಮಳೆಯ ಮರುದಿನ ಒಮ್ಮೆ, ರಾತ್ರಿ ಹತ್ತು ಗಂಟೆಗೆ ಒಮ್ಮೆ. ಮೂರು ಸಲವೂ ಗೃಹಿಣಿ ಜತೆಗಿರಬೇಕು. ಆಕೆ ಮೂರು ಸಲವೂ "ಆಗಲಿ" ಎಂದರೆ ಮನೆ ಕಟ್ಟಲು ಅಡ್ಡಿಯಿಲ್ಲ. ಸಂಜೆಯ ತಂಗಾಳಿಯೊಂದನ್ನೇ ನಂಬಿ ಕೈಗೆ ಕೈ ಹೊಡೆದು ಬಂದವರಿಗೆ, ಸಂಗೀತ ಮಹಲಿನ ಮುರಿದ ಕಮಾನುಗಳು ನಾಲ್ಕು ನೂರು ವರ್ಷಗಳಿಂದ ಹೇಳುತ್ತಿರುವುದು ಒಂದೇ ಮಾತು: ಹಾಡು ಕಡೆಗಿರಲಿ, ಗೋಡೆ ಮೊದಲು ಮುಗಿಯಲಿ.